ಪ್ರತ್ಯಕ್ಷವಾಗಿ ಕಂಡದ್ದನ್ನು ಪ್ರಮಾಣಿಸುವ ಬಗೆ: ತರಬೇತಿಯ ವಿಡಿಯೊಗಾಗಿ ಕಂಪ್ಯೂಟರನ್ನು ಸಜ್ಜುಗೊಳಿಸುವುದು

(ಕ್ರೀಡಾ ತರಬೇತುದಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಮಾನ್ಯ ತರಬೇತುದಾರರೇ, ಕ್ರೀಡಾಪಟುಗಳೇ,

ವಿಡಿಯೊ ವಿಶ್ಲೇಷಣೆಯ ಮಾತು ಬಂದಾಗಲೆಲ್ಲ ನನಗೆ ಮೊದಲು ಎದುರಾಗುವ ಪ್ರಶ್ನೆ, ಯಾವ ಕಂಪ್ಯೂಟರ್ ಕೊಳ್ಳಬೇಕು ಎಂಬುದು. ಪ್ರೊಸೆಸರ್ ಯಾವುದಿರಬೇಕು, ಮೆಮೊರಿ ಎಷ್ಟಿರಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಡವೇ ಎಂದು ಕೇಳುವವರ ಮುಂದೆ ನಾನು ಎರಡು ಮರುಪ್ರಶ್ನೆಗಳನ್ನು ಇಡುತ್ತೇನೆ. ಕ್ರೀಡಾಪಟುವಿನ ಚಲನೆಯಲ್ಲಿ ನೀವು ನೋಡಬೇಕೆಂದಿರುವುದು ಏನನ್ನು? ಅದನ್ನು ಆ ಕ್ರೀಡಾಪಟು ಎಷ್ಟು ಹೊತ್ತಿನೊಳಗೆ ನೋಡಬೇಕು? ಮೊದಲ ಉತ್ತರ ಕ್ಯಾಮೆರಾವನ್ನೂ ಬೆಳಕನ್ನೂ ನಿರ್ಧರಿಸುತ್ತದೆ. ಎರಡನೆಯದು ಕಂಪ್ಯೂಟರನ್ನು ನಿರ್ಧರಿಸುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿ, ಮೊದಲು ಯಂತ್ರವನ್ನು ತಂದಿಟ್ಟು ಆಮೇಲೆ ಅದರಿಂದ ಏನು ಮಾಡಬಹುದೆಂದು ಯೋಚಿಸಿದವರ ಕಂಪ್ಯೂಟರುಗಳು ಕೆಲವೇ ತಿಂಗಳಲ್ಲಿ ಹಾಜರಿ ಪಟ್ಟಿ ಬರೆಯುವ ಕೆಲಸಕ್ಕೆ ಇಳಿದದ್ದನ್ನು ನಾನು ಕಂಡಿದ್ದೇನೆ.

ವಿಡಿಯೊ ಏಕೆ ಬೇಕು ಎಂಬುದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಅನುಭವಿಯ ಕಣ್ಣಿಗೆ ಬೆಲೆ ಇದ್ದೇ ಇದೆ, ಆದರೆ ಕಣ್ಣು ಕಂಡದ್ದನ್ನೆಲ್ಲ ನೆನಪು ಉಳಿಸಿಕೊಳ್ಳುವುದಿಲ್ಲ. ಇಯಾನ್ ಫ್ರಾಂಕ್ಸ್ ಮತ್ತು ಗ್ಯಾರಿ ಮಿಲ್ಲರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫುಟ್‌ಬಾಲ್ ಆಟವನ್ನು ನೋಡಿದ ತರಬೇತಿ ವಿದ್ಯಾರ್ಥಿಗಳು ಅದರ ಮುಖ್ಯ ಘಟನೆಗಳಲ್ಲಿ ಅರ್ಧದಷ್ಟನ್ನೂ ಸರಿಯಾಗಿ ನೆನಪಿಸಿಕೊಳ್ಳಲಾಗಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ನ್ಯಾಯ ತೀರ್ಮಾನದ ಸಂದರ್ಭಕ್ಕಿರಬಹುದು. ಅಂಗಳದ ಅಂಚಿನಲ್ಲಿ ನಿಂತ ತರಬೇತುದಾರರಿಗೂ ಅದು ಅಷ್ಟೇ ಸಲ್ಲುತ್ತದೆ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಪೂರ್ಣ ವೇಗದಲ್ಲಿ ಓಡುವ ಸ್ಪ್ರಿಂಟರ್‌ನ ಪಾದ ನೆಲಕ್ಕೆ ತಾಗಿರುವ ಅವಧಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು. ಸೆಕೆಂಡಿಗೆ 30 ಫ್ರೇಮ್ ತೆಗೆಯುವ ಕ್ಯಾಮೆರಾದಲ್ಲಿ ಆ ಸ್ಪರ್ಶಕ್ಕೆ ಸಿಗುವುದು ಮೂರೇ ಚಿತ್ರಗಳು. 60ರಲ್ಲಿ ಆರು, 240ರಲ್ಲಿ ಇಪ್ಪತ್ತನಾಲ್ಕು. ಪಾದ ತಾಗಿದ ನಿಖರ ಕ್ಷಣ ಎರಡು ಫ್ರೇಮುಗಳ ನಡುವೆ ಎಲ್ಲಿಯಾದರೂ ಇರಬಹುದಾದ್ದರಿಂದ, 30 ಫ್ರೇಮಿನ ಚಿತ್ರದಲ್ಲಿ ಸುಮಾರು 33 ಮಿಲಿಸೆಕೆಂಡುಗಳ ಅನಿಶ್ಚಿತತೆ ಒಳಗೇ ಕುಳಿತಿರುತ್ತದೆ, ಮತ್ತು ಅದು ಅಳೆಯಬೇಕಾದ ಅವಧಿಯ ಮೂರನೆಯ ಒಂದು ಭಾಗ. ಅಂಥ ಚಿತ್ರದಿಂದ ಸ್ಪರ್ಶದ ಅವಧಿ ಕಡಿಮೆಯಾಗಿದೆ ಎಂದು ಹೇಳಿದರೆ ಅದು ಊಹೆಯಾಗುತ್ತದೆ. ಅದೇ ಓಟಗಾರರ ಮುಂಡ ಎಷ್ಟು ಬಾಗಿದೆ, ತೋಳುಗಳು ದೇಹವನ್ನು ದಾಟಿ ಅಡ್ಡ ಬೀಸುತ್ತಿವೆಯೇ ಎಂದು ನೋಡುವುದಾದರೆ 60 ಫ್ರೇಮು ಧಾರಾಳವಾಗಿ ಸಾಕು. ತಂಡದ ಆಟಗಾರರು ಅಂಗಳದಲ್ಲಿ ಹೇಗೆ ಹರಡಿಕೊಂಡಿದ್ದಾರೆ ಎಂಬುದಕ್ಕೆ 25 ಅಥವಾ 30 ಸಾಕು. ಅಲ್ಲಿ ವೇಗಕ್ಕಿಂತ ಕ್ಯಾಮೆರಾದ ಎತ್ತರ ಮುಖ್ಯ. ಇನ್ನೊಂದು ತುದಿಯಲ್ಲಿ, ಗಾಲ್ಫ್ ಚೆಂಡಿಗೂ ಕೋಲಿಗೂ ನಡುವಿನ ಸ್ಪರ್ಶ ಸುಮಾರು ಅರ್ಧ ಮಿಲಿಸೆಕೆಂಡಿನದು. ಅದನ್ನು ನಾವು ಬಳಸುವ ಯಾವ ಕ್ಯಾಮೆರಾವೂ ಹಿಡಿಯಲಾರದು, ಹಾಗಾಗಿ ಹಿಡಿಯಲು ಹೊರಡದಿರುವುದೇ ಒಳ್ಳೆಯದು.

ಫ್ರೇಮುಗಳ ಸಂಖ್ಯೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಶಟರ್ ವೇಗದ ಬಗ್ಗೆ ಮಾತನಾಡುವವರು ಕಡಿಮೆ. ನನ್ನ ಅನುಭವದಲ್ಲಿ ತರಬೇತಿಯ ವಿಡಿಯೊಗಳನ್ನು ಅತಿ ಹೆಚ್ಚು ಕೆಡಿಸಿರುವುದು ಈ ಮರೆವೇ. ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದು ಒಂದು ವಿಷಯ; ಪ್ರತಿಯೊಂದು ಚಿತ್ರಕ್ಕೆ ಬೆಳಕಿನ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಬೇರೆಯೇ ವಿಷಯ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೋಗುವ ಚೆಂಡು, ಸೆಕೆಂಡಿನ 60ನೆಯ ಒಂದು ಭಾಗ ಶಟರ್ ತೆರೆದಿದ್ದಾಗ 50 ಸೆಂಟಿಮೀಟರ್ ಸರಿಯುತ್ತದೆ; ಚಿತ್ರದಲ್ಲಿ ಅದು ಚೆಂಡಾಗಿ ಕಾಣದೆ ಬಿಳಿ ಗೀರಾಗಿ ಕಾಣುತ್ತದೆ. ಶಟರನ್ನು 1000ನೆಯ ಒಂದು ಭಾಗಕ್ಕೆ ಇಳಿಸಿದರೆ ಆ ಗೀರು 3 ಸೆಂಟಿಮೀಟರಿಗೂ, 2000ಕ್ಕೆ ಇಳಿಸಿದರೆ ಒಂದೂವರೆ ಸೆಂಟಿಮೀಟರಿಗೂ ಕುಗ್ಗುತ್ತದೆ. ಕೈ, ಮಣಿಕಟ್ಟು, ರಾಕೆಟ್ಟಿನ ಅಂಚು, ಬೀಸುವ ಕಾಲು ಎಲ್ಲಕ್ಕೂ ಇದೇ ಲೆಕ್ಕ. ನಾನು ಈ ಕೆಲಸವನ್ನು ಕೈಗೆತ್ತಿಕೊಂಡ ಮೊದಲ ವರ್ಷ, ಒಳಾಂಗಣದಲ್ಲಿ ಎರಡು ದಿನ ಶ್ರದ್ಧೆಯಿಂದ ಚಿತ್ರೀಕರಿಸಿದ ಅಭ್ಯಾಸವನ್ನು ಸಂಜೆ ಕಂಪ್ಯೂಟರಿಗೆ ಹಾಕಿ ನಿಲ್ಲಿಸಿ ನೋಡಿದರೆ, ಒಂದೇ ಒಂದು ಫ್ರೇಮಿನಲ್ಲೂ ಆಟಗಾರ್ತಿಯ ಮುಂಗೈ ಎಲ್ಲಿದೆ ಎಂದು ಗುರುತಿಸಲಾಗಲಿಲ್ಲ. ಚಲಿಸುವಾಗ ಚೆನ್ನಾಗಿಯೇ ಕಾಣುತ್ತಿದ್ದ ಚಿತ್ರ, ನಿಲ್ಲಿಸಿದೊಡನೆ ಕದಡಿದ ನೀರಿನಂತಾಗುತ್ತಿತ್ತು. ಕ್ಯಾಮೆರಾ ತಾನೇ ಶಟರನ್ನು ಆರಿಸಿಕೊಳ್ಳಲು ನಾನು ಬಿಟ್ಟಿದ್ದೆ, ಬೆಳಕು ಕಡಿಮೆಯಿದ್ದ ಆ ಕೊಠಡಿಯಲ್ಲಿ ಅದು ತನಗೆ ತಿಳಿದಂತೆ ನಿಧಾನವಾದ ಶಟರನ್ನೇ ಆರಿಸಿಕೊಂಡಿತ್ತು. ಆ ಎರಡು ದಿನಗಳ ಶ್ರಮವನ್ನು ಯಾವ ಪ್ರೊಸೆಸರೂ ಮರಳಿ ಕೊಡಲಾರದಾಗಿತ್ತು.

ಶಟರ್ ವೇಗವಾದಷ್ಟೂ ಬೆಳಕು ಹೆಚ್ಚು ಬೇಕು. 60ನೆಯ ಭಾಗದಿಂದ 1000ನೆಯ ಭಾಗಕ್ಕೆ ಹೋದರೆ ಒಳಬರುವ ಬೆಳಕು ಸುಮಾರು 17 ಪಟ್ಟು ಕಡಿಮೆಯಾಗುತ್ತದೆ. ಬಯಲಿನಲ್ಲಿ ಹಗಲು ಹೊತ್ತು ಇದು ಸಮಸ್ಯೆಯೇ ಅಲ್ಲ. ಒಳಾಂಗಣದಲ್ಲಿ ಮಾತ್ರ ಲೆನ್ಸಿನ ದ್ವಾರವನ್ನು ಪೂರ್ತಿ ತೆರೆದರೂ ಸಾಲದೆ, ಸಂವೇದಕದ ಗೇನ್, ಅಂದರೆ ಬಂದ ಬೆಳಕಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಏರಿಸಬೇಕಾಗುತ್ತದೆ, ಏರಿಸಿದಾಗ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ತುಂಬಿಕೊಳ್ಳುತ್ತದೆ, ಮತ್ತು ಆ ಗದ್ದಲವನ್ನೂ ಚಲನೆಯೆಂದೇ ತಿಳಿದು, ವಿಡಿಯೊದ ಗಾತ್ರ ಕುಗ್ಗಿಸುವ ಸಂಕುಚನದ ತಂತ್ರಾಂಶ ತನ್ನ ಬಿಟ್‌ಗಳನ್ನು ಅದಕ್ಕೇ ಖರ್ಚು ಮಾಡುತ್ತದೆ. ಇದರ ಮೇಲೆ ದೀಪಗಳ ಮಿನುಗು ಬೇರೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಬಾರಿ, 60 ಹರ್ಟ್ಸ್ ಇರುವಲ್ಲಿ 120 ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ತೋರದ ಈ ಏರಿಳಿತ 240 ಫ್ರೇಮಿನ ಚಿತ್ರದಲ್ಲಿ ಢಾಳಾಗಿ ಕಾಣುತ್ತದೆ. ಸ್ಥಿರ ವಿದ್ಯುತ್ ಕೊಡುವ ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ದೀಪಗಳಲ್ಲಿ ಇದು ಇರುವುದಿಲ್ಲ. ಹೀಗಾಗಿ ನಿಮ್ಮಲ್ಲಿ ಹಣ ಸೀಮಿತವಾಗಿದ್ದು, ಅಭ್ಯಾಸ ಒಳಾಂಗಣದಲ್ಲಿ ನಡೆಯುವುದಾದರೆ, ಹೊಸ ಕಂಪ್ಯೂಟರಿಗಿಂತ ಮೊದಲು ಎರಡು ಒಳ್ಳೆಯ ದೀಪಗಳನ್ನು ತನ್ನಿರೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ವೆಬ್‌ಕ್ಯಾಮೆರಾ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಬೆಳಕಿನ ಪ್ರಮಾಣವನ್ನು ತಾನೇ ಹೊಂದಿಸುವ ಸ್ವಯಂಚಾಲಿತ ಎಕ್ಸ್‌ಪೋಷರ್‌ನಲ್ಲಿ ಬಿಟ್ಟರೆ, ಬೆಳಕು ತಗ್ಗಿದಾಗ ಅವುಗಳಲ್ಲಿ ಹಲವು ಸದ್ದಿಲ್ಲದೆ ಫ್ರೇಮುಗಳ ಸಂಖ್ಯೆಯನ್ನೇ ಅರ್ಧಕ್ಕೆ ಇಳಿಸಿಬಿಡುತ್ತವೆ. ಎಕ್ಸ್‌ಪೋಷರ್, ಫೋಕಸ್, ಬಿಳಿ ಸಮತೋಲನ (ಬಣ್ಣದ ಹೊಂದಾಣಿಕೆ) ಮೂರನ್ನೂ ಕೈಯಾರೆ ಹೊಂದಿಸಿ ಬಿಗಿ ಮಾಡಿಡುವುದೇ ಸರಿ.

ಕ್ಯಾಮೆರಾ ನಿಲ್ಲಿಸುವ ಜಾಗದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ತಂತ್ರಾಂಶದಲ್ಲಿ ಗೆರೆ ಎಳೆದು ಕೋನ ಅಳೆಯುವ ಸೌಲಭ್ಯ ಸಿಕ್ಕೊಡನೆ, ಅಳತೆಗೆ ಬೇಕಾದ ಶಿಸ್ತು ಮರೆತುಹೋಗುತ್ತದೆ. ಒಂದೇ ಕ್ಯಾಮೆರಾದ ಚಿತ್ರ ಒಂದು ಸಮತಲವನ್ನಷ್ಟೇ ನಿಷ್ಠೆಯಿಂದ ತೋರಿಸಬಲ್ಲದು. ಆದ್ದರಿಂದ ಲೆನ್ಸಿನ ನೋಟ ಚಲನೆಯ ದಿಕ್ಕಿಗೆ ಲಂಬವಾಗಿರಬೇಕು. ಕ್ಯಾಮೆರಾ ಟ್ರೈಪಾಡಿನ ಮೇಲೆ, ನೋಡಬೇಕಾದ ಅಂಗದ ಎತ್ತರದಲ್ಲಿ, ಅಲುಗಾಡದೆ ಇರಬೇಕು. ಮತ್ತು ಸಾಧ್ಯವಾದಷ್ಟು ದೂರ ನಿಂತು ಜೂಮ್ ಮಾಡಬೇಕೇ ಹೊರತು ಹತ್ತಿರ ಹೋಗಿ ಅಗಲ ಕೋನದ ಲೆನ್ಸ್ ಬಳಸಬಾರದು. ದೂರ ನಿಲ್ಲುವುದರ ಲಾಭವನ್ನು ಲೆಕ್ಕ ಹಾಕಿ ನೋಡಬಹುದು. ಅಳತೆಗಾಗಿ ಒಂದು ಮೀಟರ್ ಕೋಲನ್ನು ಕ್ಯಾಮೆರಾದಿಂದ 5 ಮೀಟರ್ ದೂರದಲ್ಲಿ ಹಿಡಿದು ಪ್ರಮಾಣ ನಿಗದಿಪಡಿಸಿದ ಮೇಲೆ, ಕ್ರೀಡಾಪಟು ಅರ್ಧ ಮೀಟರ್ ಕ್ಯಾಮೆರಾದ ಕಡೆಗೆ ಸರಿದು ಓಡಿದರೆ, ನಿಮ್ಮ ಎಲ್ಲ ಉದ್ದಗಳೂ ಸುಮಾರು 11 ಶೇಕಡಾ ಹಿಗ್ಗಿ ಕಾಣುತ್ತವೆ. ಅದೇ ಕ್ಯಾಮೆರಾ 20 ಮೀಟರ್ ದೂರವಿದ್ದರೆ ತಪ್ಪು ಎರಡೂವರೆ ಶೇಕಡಾದ ಆಸುಪಾಸಿಗೆ ಇಳಿಯುತ್ತದೆ. ಹೆಜ್ಜೆಯ ಉದ್ದದಲ್ಲಿ ಐದು ಸೆಂಟಿಮೀಟರ್ ವ್ಯತ್ಯಾಸವನ್ನು ಹುಡುಕುತ್ತಿರುವ ತರಬೇತುದಾರರಿಗೆ ಈ ಎರಡು ತಪ್ಪುಗಳ ನಡುವಿನ ಅಂತರ ಸಣ್ಣದಲ್ಲ.

ಕೀಲುಗಳು ಸ್ಪಷ್ಟವಾಗಿ ಕಾಣುವಂತೆ ಮಾಡುವ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್-ಜೂಲ್ ಮಾರೆ 1880ರ ದಶಕದಲ್ಲಿ, ನಡೆಯುವವರಿಗೂ ಓಡುವವರಿಗೂ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಬಿಳಿ ಪಟ್ಟಿ ಹಚ್ಚಿ, ಕಪ್ಪು ಹಿನ್ನೆಲೆಯ ಮುಂದೆ ಒಂದೇ ಫಲಕದ ಮೇಲೆ ಸಾಲುಸಾಲಾಗಿ ಅವರ ಚಿತ್ರ ತೆಗೆದರು. ಫಲಕದಲ್ಲಿ ಉಳಿದದ್ದು ಬಿಳಿ ಗೆರೆಗಳ ನಡಿಗೆ ಮಾತ್ರ. ಇಂದಿಗೂ ಬಿಗಿಯಾದ ಗಾಢ ಬಣ್ಣದ ಉಡುಪಿನ ಮೇಲೆ ಸೊಂಟ, ಮೊಣಕಾಲು, ಕಣಕಾಲುಗಳ ಬಳಿ ಬಿಳಿ ಟೇಪಿನ ಚುಕ್ಕೆ ಅಂಟಿಸಿದರೆ, ಗುರುತುಗಳನ್ನು ಹಿಂಬಾಲಿಸುವ ತಂತ್ರಾಂಶ ತಡವರಿಸದೆ ಕೆಲಸ ಮಾಡುತ್ತದೆ. ಸಡಿಲ ಉಡುಪು ತೊಟ್ಟವರ ಸೊಂಟದ ಕೀಲು ಎಲ್ಲಿದೆಯೆಂದು ಬಟ್ಟೆಯ ಮೇಲಿಂದ ಹೇಳುವುದು ಮನುಷ್ಯರಿಗೂ ಯಂತ್ರಕ್ಕೂ ಸಮಾನವಾಗಿ ಕಷ್ಟ.

ಇಷ್ಟೆಲ್ಲ ಮಾಡಿದರೂ ಕೆಲವು ತೀರ್ಪುಗಳನ್ನು ಒಂದೇ ಕ್ಯಾಮೆರಾದಿಂದ ಕೊಡಕೂಡದು. ಕ್ರಿಕೆಟ್ಟಿನಲ್ಲಿ ಬೌಲರ್‌ನ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದೆಂಬ ನಿಯಮವಿದೆ. ಅದನ್ನು ಅಳೆಯುವುದು ದೇಹಕ್ಕೆ ಗುರುತುಗಳನ್ನು ಅಂಟಿಸಿ, ಹಲವು ಕ್ಯಾಮೆರಾಗಳಿಂದ ಮೂರು ಆಯಾಮಗಳಲ್ಲಿ ಲೆಕ್ಕ ಹಾಕುವ ಪ್ರಯೋಗಾಲಯದಲ್ಲಿ. ತೋಳು ತನ್ನ ಅಕ್ಷದ ಸುತ್ತಲೂ ತಿರುಗುತ್ತಿರುವಾಗ ಒಂದೇ ದಿಕ್ಕಿನಿಂದ ತೆಗೆದ ಚಿತ್ರದಲ್ಲಿ ಮಡಚಿದ್ದು ನೆಟ್ಟಗೆ, ನೆಟ್ಟಗಿದ್ದದ್ದು ಮಡಚಿದಂತೆ ತೋರಬಲ್ಲದು. ಎಳೆಯ ಬೌಲರ್ ಒಬ್ಬರನ್ನು ಮೊಬೈಲಿನ ಚಿತ್ರವೊಂದರ ಆಧಾರದ ಮೇಲೆ ಅನುಮಾನಿಸುವುದು ಅನ್ಯಾಯ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಈಗ ಎರಡನೆಯ ಪ್ರಶ್ನೆ: ಕ್ರೀಡಾಪಟು ಯಾವಾಗ ನೋಡಬೇಕು? ಸಂಜೆಯೋ ಮರುದಿನವೋ ಕುಳಿತು ನೋಡುವುದಾದರೆ ಕ್ಯಾಮೆರಾದ ಕಾರ್ಡಿನಲ್ಲಿ ದಾಖಲಿಸಿ ಆಮೇಲೆ ಪ್ರತಿ ಮಾಡಿಕೊಂಡರೆ ಸಾಕು, ಸಾಧಾರಣ ಲ್ಯಾಪ್‌ಟಾಪ್ ಕೂಡ ಅದನ್ನು ನಿಭಾಯಿಸುತ್ತದೆ. ಪ್ರಯತ್ನ ಮುಗಿಸಿ ನಡೆದು ಬರುವಷ್ಟರಲ್ಲಿ ಪರದೆಯ ಮೇಲೆ ಆ ಪ್ರಯತ್ನವೇ ಮೂಡಬೇಕು ಎಂದಾದರೆ, ಚಿತ್ರ ನೇರವಾಗಿ ಕಂಪ್ಯೂಟರಿಗೆ ಹರಿದುಬರಬೇಕು. ಆಗಲೇ ಕಂಪ್ಯೂಟರಿನ ನಿಜವಾದ ಪರೀಕ್ಷೆ.

ಹರಿವಿನ ಗಾತ್ರವನ್ನು ಮೊದಲು ಅಂದಾಜು ಮಾಡೋಣ. 1920 ಅಡ್ಡ, 1080 ಉದ್ದದ ಒಂದು ಫ್ರೇಮಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳಿವೆ. ಸಾಮಾನ್ಯ ರೂಪದಲ್ಲಿ ಒಂದೊಂದು ಬಿಂದುವಿಗೆ ಎರಡು ಬೈಟ್ ಎಂದರೆ ಫ್ರೇಮಿಗೆ ನಾಲ್ಕು ಮೆಗಾಬೈಟಿಗಿಂತ ಸ್ವಲ್ಪ ಹೆಚ್ಚು. ಸೆಕೆಂಡಿಗೆ 60 ಫ್ರೇಮ್ ಎಂದರೆ ಸುಮಾರು 249 ಮೆಗಾಬೈಟ್. ಹಳೆಯ ಯುಎಸ್‌ಬಿ 2.0 ಮಾರ್ಗದ ಸಾಮರ್ಥ್ಯ ಕಾಗದದ ಮೇಲೆಯೇ ಸೆಕೆಂಡಿಗೆ 60 ಮೆಗಾಬೈಟ್. ಆದ್ದರಿಂದ ಆ ಮಾರ್ಗಕ್ಕೆ ಜೋಡಿಸುವ ಸಾಧನಗಳು ಚಿತ್ರವನ್ನು ಒಳಗೇ ಸಂಕುಚಿಸಿ ಕಳಿಸುತ್ತವೆ, ಅಥವಾ ಫ್ರೇಮುಗಳನ್ನು ಕಡಿಮೆ ಮಾಡುತ್ತವೆ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸಬಲ್ಲದಾದ್ದರಿಂದ ಆ ಹರಿವು ಅದರಲ್ಲಿ ನಿರಾತಂಕವಾಗಿ ಹೋಗುತ್ತದೆ. ಕ್ಯಾಮೆರಾದ ಎಚ್‌ಡಿಎಂಐ ತಂತಿಯನ್ನು ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಕ್ಯಾಪ್ಚರ್ ಸಾಧನಕ್ಕೆ ಜೋಡಿಸುವವರು, ಆ ಸಾಧನ ಇವೆರಡರಲ್ಲಿ ಯಾವ ಯುಎಸ್‌ಬಿಯದು, ಕಂಪ್ಯೂಟರಿನ ಯಾವ ಕಿಂಡಿಗೆ ಅದನ್ನು ಸಿಕ್ಕಿಸಿದ್ದೇವೆ ಎಂಬುದನ್ನು ನೋಡಿಕೊಳ್ಳಬೇಕು. ತಂತಿಯ ಉದ್ದಕ್ಕೂ ಮಿತಿಯಿದೆ: ಯುಎಸ್‌ಬಿ ತಂತಿ ಕೆಲವೇ ಮೀಟರುಗಳಿಗೆ ಸೋಲುತ್ತದೆ, ಅಂಗಳದ ಆಚೆ ಬದಿಯ ಕ್ಯಾಮೆರಾದಿಂದ ಚಿತ್ರ ತರಬೇಕಾದರೆ 100 ಮೀಟರ್ ತನಕ ಹೋಗುವ ಈಥರ್ನೆಟ್ ತಂತಿಯ ಕ್ಯಾಮೆರಾ ಒಳ್ಳೆಯದು. ನಿಸ್ತಂತು ಸಂಪರ್ಕ ಅನುಕೂಲವೆನಿಸುತ್ತದೆ, ಆದರೆ ಪ್ರೇಕ್ಷಕರ ನೂರಾರು ಮೊಬೈಲುಗಳು ಅಂಗಳಕ್ಕೆ ಬಂದ ದಿನ ಅದು ಕೈಕೊಡುತ್ತದೆ, ಮತ್ತು ಆ ದಿನವೇ ಸ್ಪರ್ಧೆಯ ದಿನವಾಗಿರುತ್ತದೆ.

ವಿಳಂಬಿತ ಪ್ರದರ್ಶನ ಎಂಬ ಸೌಲಭ್ಯವನ್ನು ನಾನು ಬಹಳ ಮೆಚ್ಚುತ್ತೇನೆ. ಕ್ಯಾಮೆರಾ ಈಗ ನೋಡುತ್ತಿರುವುದನ್ನು ಪರದೆ 20 ಸೆಕೆಂಡು ತಡವಾಗಿ ತೋರಿಸುತ್ತದೆ, ಅಷ್ಟೆ. ಜಿಮ್ನಾಸ್ಟ್ ವಾಲ್ಟ್ ಜಿಗಿತ ಮುಗಿಸಿ, ಉಸಿರು ಬಿಟ್ಟು, ಪರದೆಯ ಮುಂದೆ ಬಂದು ನಿಂತಾಗ ತನ್ನದೇ ಓಟ ಆರಂಭವಾಗುವುದನ್ನು ಕಾಣುತ್ತಾರೆ. ಯಾರೂ ಒಂದು ಗುಂಡಿಯನ್ನೂ ಒತ್ತಬೇಕಾಗಿಲ್ಲ. ಈ ಸರಳ ಸೌಲಭ್ಯಕ್ಕೆ ಮೆಮೊರಿ ಮಾತ್ರ ಧಾರಾಳವಾಗಿ ಬೇಕು. ಸಂಕುಚಿಸದ ಚಿತ್ರವನ್ನು 20 ಸೆಕೆಂಡು ಹಿಡಿದಿಟ್ಟುಕೊಳ್ಳಲು ಮೇಲಿನ ಲೆಕ್ಕದಂತೆ ಸುಮಾರು 5 ಗಿಗಾಬೈಟ್ ತಗಲುತ್ತದೆ. 8 ಗಿಗಾಬೈಟ್ ಇರುವ ಯಂತ್ರದಲ್ಲಿ ಕಾರ್ಯವ್ಯವಸ್ಥೆಯ ಪಾಲು ಕಳೆದ ಮೇಲೆ ಇದು ಉಸಿರುಗಟ್ಟುವ ಸ್ಥಿತಿ; 16 ಇದ್ದರೆ ನೆಮ್ಮದಿ. ಮೆಮೊರಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರ ದೊರಕುವುದು ಹೀಗೆ, ನಮ್ಮ ಕೆಲಸದಿಂದ.

ಸಂಕುಚನದ ವಿಧಾನವೂ ಅಷ್ಟೇ ಮುಖ್ಯ, ಮತ್ತು ಈ ವಿಷಯದಲ್ಲಿ ಹಳೆಯ ಕಾಲದಿಂದ ಕಲಿಯುವುದಿದೆ. ಡಿವಿ (ಡಿಜಿಟಲ್ ವಿಡಿಯೊ) ಟೇಪಿನ ದಿನಗಳಲ್ಲಿ, ಫೈರ್‌ವೈರ್ ತಂತಿಯ ಮೂಲಕ ಕಂಪ್ಯೂಟರಿಗೆ ಬರುತ್ತಿದ್ದ ಚಿತ್ರ ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ನುಂಗುತ್ತಿತ್ತು. ಆದರೆ ಅದರ ಪ್ರತಿಯೊಂದು ಫ್ರೇಮೂ ಸ್ವತಂತ್ರವಾಗಿ ಸಂಕುಚಿತವಾಗಿರುತ್ತಿದ್ದುದರಿಂದ, ಹಿಂದಕ್ಕೂ ಮುಂದಕ್ಕೂ ಒಂದೊಂದೇ ಫ್ರೇಮ್ ಸರಿಸುವುದು ಪುಸ್ತಕದ ಹಾಳೆ ಮಗುಚಿದಷ್ಟು ಸಲೀಸಾಗಿತ್ತು. 2003ರಲ್ಲಿ ಬಂದ ಎಚ್.264 ಎಂಬ ಸಂಕುಚನ ವಿಧಾನ ಜಾಗವನ್ನು ಬಹಳಷ್ಟು ಉಳಿಸಿತು. ಅದು ನಡುನಡುವೆ ಒಂದು ಪೂರ್ಣ ಚಿತ್ರವನ್ನಿಟ್ಟು, ಉಳಿದ ಫ್ರೇಮುಗಳಲ್ಲಿ ಬದಲಾದದ್ದನ್ನಷ್ಟೇ ಬರೆದಿಡುತ್ತದೆ. ಸಿನಿಮಾ ನೋಡುವವರು ಮುಂದಕ್ಕಷ್ಟೇ ಹೋಗುವುದರಿಂದ ಅವರಿಗೆ ಇದು ತಿಳಿಯುವುದೇ ಇಲ್ಲ. ತರಬೇತುದಾರರು ಹಿಂದಕ್ಕೆ ಹೋಗುತ್ತಾರೆ, ಮತ್ತೆ ಮತ್ತೆ ಹೋಗುತ್ತಾರೆ. ಹಿಂದಿನ ಒಂದು ಫ್ರೇಮ್ ತೋರಿಸಲು ಕಂಪ್ಯೂಟರ್ ಅದರ ಹಿಂದಿನ ಪೂರ್ಣ ಚಿತ್ರದ ತನಕ ಓಡಿ, ಅಲ್ಲಿಂದ ಎಲ್ಲವನ್ನೂ ಬಿಡಿಸುತ್ತ ಬರಬೇಕು. ಈ ವಿಧಾನದಲ್ಲಿ ಸಂಕುಚಿಸುವ ಜನಪ್ರಿಯ ತಂತ್ರಾಂಶವಾದ ಎಕ್ಸ್264 ಎನ್‌ಕೋಡರಿನಲ್ಲಿ ಎರಡು ಪೂರ್ಣ ಚಿತ್ರಗಳ ನಡುವಿನ ಅಂತರ, ನಾವು ಮುಟ್ಟದೆ ಬಿಟ್ಟರೆ, 250 ಫ್ರೇಮುಗಳ ತನಕ ಹೋಗುತ್ತದೆ; 60 ಫ್ರೇಮಿನ ವಿಡಿಯೊದಲ್ಲಿ ಅದು ನಾಲ್ಕು ಸೆಕೆಂಡಿಗಿಂತ ಹೆಚ್ಚು. ಹಿಂದಿನ ಫ್ರೇಮಿನ ಗುಂಡಿ ಒತ್ತಿ ಚಿತ್ರ ತಡವರಿಸಿದಾಗ ಕಂಪ್ಯೂಟರ್ ಹಳೆಯದಾಯಿತೆಂದು ಹಲವರು ಹೊಸದನ್ನು ತರುತ್ತಾರೆ. ಆ ಅಂತರವನ್ನು ಹತ್ತು ಹದಿನೈದು ಫ್ರೇಮುಗಳಿಗೆ ಇಳಿಸಿ ದಾಖಲಿಸಿದರೆ, ಅಥವಾ ಇರುವ ಫೈಲನ್ನೇ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ ಹಾಗೆ ಪರಿವರ್ತಿಸಿಕೊಂಡರೆ, ಫೈಲು ದೊಡ್ಡದಾಗುತ್ತದೆ, ಹಳೆಯ ಕಂಪ್ಯೂಟರೇ ಚುರುಕಾಗುತ್ತದೆ. ದಾಖಲಿಸುವಾಗ ಸಂಕುಚನದ ಹೊರೆಯನ್ನು ಗ್ರಾಫಿಕ್ಸ್ ಚಿಪ್ಪಿನಲ್ಲಿರುವ ಪ್ರತ್ಯೇಕ ಎನ್‌ಕೋಡರಿಗೆ ವಹಿಸುವುದು ಸಾಧ್ಯ. ಕಳೆದ ದಶಕದ ಬಹುತೇಕ ಯಂತ್ರಗಳಲ್ಲಿ ಅದು ಇದೆ, ತಂತ್ರಾಂಶದ ಸೆಟ್ಟಿಂಗಿನಲ್ಲಿ ಆರಿಸಿಕೊಳ್ಳಬೇಕು.

ಡಿಸ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಂಡಿಗೆ 20 ಮೆಗಾಬಿಟ್ ದರದಲ್ಲಿ ಗಂಟೆಗೆ 9 ಗಿಗಾಬೈಟ್ ಬೇಕಾಗುತ್ತದೆ. ಎರಡು ಕ್ಯಾಮೆರಾ, ವಾರಕ್ಕೆ ಹತ್ತು ಗಂಟೆ ಎಂದರೆ ನೀವೇ ಲೆಕ್ಕ ಹಾಕಿಕೊಳ್ಳಬಹುದು. ದಾಖಲಾತಿಗೂ ವಿಶ್ಲೇಷಣೆಗೂ ವೇಗದ ಎಸ್‌ಎಸ್‌ಡಿ ಡಿಸ್ಕ್, ಸಂಗ್ರಹಕ್ಕೆ ದೊಡ್ಡ ಹಾರ್ಡ್ ಡಿಸ್ಕ್, ಅದರ ಇನ್ನೊಂದು ಪ್ರತಿ ಬೇರೊಂದು ಕಟ್ಟಡದಲ್ಲಿ.

ನೇರ ದಾಖಲಾತಿಯ ವೇಳೆ ಫ್ರೇಮುಗಳು ಕಳೆದುಹೋಗದಂತೆ ನೋಡಿಕೊಳ್ಳುವುದು ಇದಕ್ಕಿಂತ ಸೂಕ್ಷ್ಮದ ಕೆಲಸ. ಕಳೆದುಹೋದ ಫ್ರೇಮ್ ಚಿತ್ರದಲ್ಲಿ ಸಣ್ಣ ಜಿಗಿತವಾಗಿ ಕಾಣಬಹುದು, ಕಾಣದೆಯೂ ಇರಬಹುದು. ಫ್ರೇಮುಗಳನ್ನು ಎಣಿಸಿ ಸಮಯ ಹೇಳುವವರಿಗೆ ಮಾತ್ರ ಅದು ಸುಳ್ಳು ಹೇಳುತ್ತದೆ. ಲ್ಯಾಪ್‌ಟಾಪನ್ನು ವಿದ್ಯುತ್ತಿಗೆ ಜೋಡಿಸಿರಬೇಕು, ಏಕೆಂದರೆ ಬ್ಯಾಟರಿಯ ಮೇಲೆ ಅದು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಿಸಿಲಿನಲ್ಲಿಟ್ಟರೆ ಬಿಸಿಯೇರಿಯೂ ಅದೇ ಆಗುತ್ತದೆ, ಆದ್ದರಿಂದ ನೆರಳು ಬೇಕು. ನೆರಳು ಪರದೆ ಕಾಣಲೂ ಬೇಕು. ಕಾರ್ಯವ್ಯವಸ್ಥೆಯ ಅಪ್‌ಡೇಟುಗಳನ್ನು ಅಭ್ಯಾಸದ ವೇಳೆಗೆ ತಡೆಹಿಡಿದು, ವೈರಸ್ ನಿರೋಧಕ ತಂತ್ರಾಂಶ ದಾಖಲಾತಿಯ ಕಡತಕೋಶವನ್ನು ಆಗಿಂದಾಗಲೇ ತಪಾಸಿಸದಂತೆ ಮಾಡಿ, ನಿದ್ರಾಸ್ಥಿತಿಗೆ ಹೋಗುವ ಸೆಟ್ಟಿಂಗನ್ನು ತೆಗೆದುಹಾಕಿದರೆ, ಸಾಧಾರಣ ಯಂತ್ರವೂ ಗಂಟೆಗಟ್ಟಲೆ ಒಂದು ಫ್ರೇಮನ್ನೂ ಬಿಡದೆ ಬರೆಯುತ್ತದೆ.

ಮೊಬೈಲ್ ಬಳಸುವವರಿಗೆ ಎರಡು ಎಚ್ಚರಿಕೆಗಳು. ಹಲವು ಮೊಬೈಲುಗಳು ಫ್ರೇಮುಗಳ ನಡುವಿನ ಅಂತರವನ್ನು ಸಂದರ್ಭಕ್ಕೆ ತಕ್ಕಂತೆ ಬದಲಿಸುತ್ತ ದಾಖಲಿಸುತ್ತವೆ. ಅಂಥ ಫೈಲಿನಲ್ಲಿ ಪ್ರತಿ ಫ್ರೇಮಿಗೂ ಒಂದೇ ಅವಧಿಯೆಂದು ನಂಬಿ ಲೆಕ್ಕ ಹಾಕಿದರೆ ಕಾಲ ತಪ್ಪುತ್ತದೆ. ಇನ್ನು ನಿಧಾನ ಚಲನೆಯ ಚಿತ್ರಗಳಲ್ಲಿ ಕೆಲವು, 240 ಫ್ರೇಮಿನಲ್ಲಿ ತೆಗೆದು 30 ಫ್ರೇಮಿನ ಫೈಲಾಗಿ ಉಳಿದಿರುತ್ತವೆ. ತಂತ್ರಾಂಶಕ್ಕೆ ನಿಜವಾದ ದಾಖಲಾತಿ ವೇಗವನ್ನು ನೀವು ತಿಳಿಸದಿದ್ದರೆ, ಅದು ಎಲ್ಲ ಅವಧಿಗಳನ್ನೂ ಎಂಟು ಪಟ್ಟು ಹಿಗ್ಗಿಸಿ, ಎಲ್ಲ ವೇಗಗಳನ್ನೂ ಎಂಟರಲ್ಲಿ ಒಂದು ಪಾಲಿಗೆ ಇಳಿಸಿ ಹೇಳುತ್ತದೆ.

ತಂತ್ರಾಂಶಗಳಲ್ಲಿ ನಾನು ಹೊಸಬರಿಗೆ ಮೊದಲು ಹೇಳುವುದು ಕಿನೋವಿಯಾ. ಅದು ಉಚಿತ, ಮುಕ್ತ ಆಕರದ್ದು (ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು), ವಿಂಡೋಸ್‌ನಲ್ಲಿ ನಡೆಯುತ್ತದೆ. ನೇರ ದಾಖಲಾತಿ, ನಾನು ಆಗಲೇ ಹೇಳಿದ ವಿಳಂಬಿತ ಪ್ರದರ್ಶನ, ಎರಡು ವಿಡಿಯೊಗಳನ್ನು ಅಕ್ಕಪಕ್ಕದಲ್ಲಿಟ್ಟು ಒಂದೇ ಕ್ಷಣಕ್ಕೆ ಹೊಂದಿಸುವುದು, ಗೆರೆ, ಕೋನ, ಉದ್ದಗಳ ಅಳತೆ, ಎಲ್ಲವೂ ಅದರಲ್ಲಿದೆ. ಚಲನೆಯನ್ನು ಭೌತಶಾಸ್ತ್ರದ ದೃಷ್ಟಿಯಿಂದ ಅಳೆಯಬಯಸುವವರಿಗೆ, ಬೋಧನೆಗಾಗಿಯೇ ಡಗ್ಲಸ್ ಬ್ರೌನ್ ರೂಪಿಸಿದ ಟ್ರ್ಯಾಕರ್ ಇದೆ. ಹಲವು ಕ್ಯಾಮೆರಾಗಳನ್ನು ಒಟ್ಟಿಗೆ ದಾಖಲಿಸಲು ಒಬಿಎಸ್ ಸ್ಟುಡಿಯೊ ಒಳ್ಳೆಯದು; ಕಳೆದ ಕೆಲವು ಸೆಕೆಂಡುಗಳನ್ನು ಸದಾ ಮೆಮೊರಿಯಲ್ಲಿಟ್ಟುಕೊಂಡು, ಗುಂಡಿ ಒತ್ತಿದಾಗ ಮಾತ್ರ ಉಳಿಸುವ ಅದರ ಸೌಲಭ್ಯದಿಂದ ಗಂಟೆಗಟ್ಟಲೆ ನಿರುಪಯೋಗಿ ಚಿತ್ರ ಕೂಡಿಬೀಳುವುದು ತಪ್ಪುತ್ತದೆ. ಡಾರ್ಟ್‌ಫಿಶ್, ಹಡಲ್ ಮೊದಲಾದ ವಾಣಿಜ್ಯ ತಂತ್ರಾಂಶಗಳು ಇವೆಲ್ಲವನ್ನೂ ಒಂದೇ ಸೂರಿನಡಿ ತರುತ್ತವೆ. ಪಂದ್ಯಗಳನ್ನು ಬಿಡಿಸಿ ನೋಡುವ ತಂಡಗಳಿಗೆ ಅವು ಬೇಕಾಗಬಹುದು. ಒಬ್ಬ ಜಿಗಿತಗಾರರನ್ನು ನೋಡುವವರು ಉಚಿತವಾದವುಗಳಿಂದ ಆರಂಭಿಸಿ, ಅವುಗಳ ಮಿತಿ ತಗುಲಿದ ಮೇಲೆ ಮುಂದಿನದನ್ನು ಯೋಚಿಸಿದರೆ ಸಾಕು. ಚಿತ್ರದಲ್ಲಿ ದೇಹದ ಕೀಲುಗಳನ್ನು ತಾನಾಗಿ ಗುರುತಿಸುವ ಓಪನ್‌ಪೋಸ್, ಮೀಡಿಯಾಪೈಪ್‌ಗಳಂಥ ಹೊಸ ಸಾಧನಗಳು ಒಟ್ಟಾರೆ ಭಂಗಿಯನ್ನು ಚೆನ್ನಾಗಿ ಹಿಡಿಯುತ್ತವೆ. ಒಂದು ಅಂಗ ಇನ್ನೊಂದರ ಹಿಂದೆ ಮರೆಯಾದಾಗ ಅವು ಊಹಿಸುತ್ತವೆ, ಊಹೆಯನ್ನು ಕೂಡ ಅಳತೆಯಷ್ಟೇ ದೃಢವಾದ ಗೆರೆಯಾಗಿ ತೋರಿಸುತ್ತವೆ, ನೋಡುವವರು ಎಚ್ಚರದಿಂದಿರಬೇಕು.

ಪಂದ್ಯದ ಘಟನೆಗಳನ್ನು ಗುರುತು ಹಾಕುವ ಪದ್ಧತಿಗೆ ಕಂಪ್ಯೂಟರ್ ಅನಿವಾರ್ಯವೇನಲ್ಲ. ಇಂಗ್ಲೆಂಡಿನ ಚಾರ್ಲ್ಸ್ ರೀಪ್ 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ಫುಟ್‌ಬಾಲ್ ತಂಡದ ಪಂದ್ಯ ನೋಡುತ್ತ, ಪೆನ್ಸಿಲ್ ಕಾಗದಗಳಿಂದಲೇ ಆಟವನ್ನು ಸಂಕೇತಗಳಲ್ಲಿ ಬರೆದುಕೊಳ್ಳಲು ಆರಂಭಿಸಿದರು. ಕಂಪ್ಯೂಟರ್ ಇದಕ್ಕೆ ಸೇರಿಸಿದ್ದು ಸಂಕೇತದ ಮೇಲೆ ಒತ್ತಿದೊಡನೆ ಆ ಘಟನೆಯ ಚಿತ್ರಕ್ಕೆ ಹೋಗುವ ಅನುಕೂಲವನ್ನು. ಗುರುತುಗಳ ಪಟ್ಟಿಯನ್ನು ಆರೇಳಕ್ಕೆ ಮಿತಿಗೊಳಿಸಿ, ಗುಂಡಿ ಒತ್ತಿದ ಕ್ಷಣಕ್ಕಿಂತ ಏಳೆಂಟು ಸೆಕೆಂಡು ಹಿಂದಿನಿಂದ ತುಣುಕು ಆರಂಭವಾಗುವಂತೆ ಹೊಂದಿಸಿ, ಏಕೆಂದರೆ ಗೋಲಿನ ಕಾರಣ ಸದಾ ಗೋಲಿಗಿಂತ ಮೊದಲೇ ಇರುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಒಂದು ಪ್ರಲೋಭನೆ ಕಾದಿರುತ್ತದೆ: ಪ್ರತಿ ಪ್ರಯತ್ನವನ್ನೂ ತೋರಿಸುವುದು, ಪ್ರತಿ ಬಾರಿಯೂ ಹತ್ತು ತಪ್ಪು ಹೇಳುವುದು. ಚಲನೆಯ ಕಲಿಕೆಯ ಸಂಶೋಧಕರಾದ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ 1984ರಲ್ಲಿ ಅಂದಿನ ತನಕದ ಪ್ರಯೋಗಗಳನ್ನು ಪರಾಮರ್ಶಿಸಿ ಒಂದು ಮಹತ್ವದ ಅಂಶವನ್ನು ಎತ್ತಿ ತೋರಿಸಿದರು. ಪ್ರತಿ ಬಾರಿಯೂ ಫಲಿತಾಂಶ ತಿಳಿಸುತ್ತಿದ್ದರೆ ಅಭ್ಯಾಸದ ವೇಳೆ ಸಾಧನೆ ಚೆನ್ನಾಗಿ ಕಾಣುತ್ತದೆ. ತಿಳಿಸುವುದನ್ನು ನಿಲ್ಲಿಸಿದ ಮೇಲೆ ಕಲಿಕೆ ಅಷ್ಟು ಉಳಿದಿರುವುದಿಲ್ಲ, ಏಕೆಂದರೆ ಕಲಿಯುವವರು ತಮ್ಮ ದೇಹದ ಸೂಚನೆಗಳ ಬದಲು ಹೊರಗಿನ ಊರುಗೋಲನ್ನು ನೆಚ್ಚಿಕೊಂಡಿರುತ್ತಾರೆ. ಸ್ಪರ್ಧೆಯ ದಿನ ಪರದೆ ಇರುವುದಿಲ್ಲ. ನಾನು ಅನುಸರಿಸುವ ಕ್ರಮದಲ್ಲಿ ಕ್ರೀಡಾಪಟು ಕೇಳಿದಾಗ ಮಾತ್ರ ಪರದೆಯ ಮುಂದೆ ಬರುತ್ತಾರೆ. ಬಂದಾಗ ಮೊದಲು ತಮಗೆ ಹೇಗನಿಸಿತೆಂದು ಹೇಳುತ್ತಾರೆ, ಆಮೇಲೆ ನೋಡುತ್ತಾರೆ, ಆಮೇಲಷ್ಟೇ ನಾನು ಮಾತನಾಡುತ್ತೇನೆ, ಅದೂ ಒಂದೇ ವಿಷಯದ ಬಗ್ಗೆ. ಅನಿಸಿದ್ದಕ್ಕೂ ಕಂಡದ್ದಕ್ಕೂ ನಡುವೆ ಇರುವ ಅಂತರವನ್ನು ಅವರೇ ಗುರುತಿಸುವ ಆ ಅರೆಗಳಿಗೆಗಾಗಿ ನಾನು ಈ ತಂತಿ, ದೀಪ, ಡಿಸ್ಕುಗಳನ್ನೆಲ್ಲ ಹೊತ್ತು ತಿರುಗುತ್ತೇನೆ.

ಮಕ್ಕಳನ್ನು ಚಿತ್ರೀಕರಿಸುವಾಗ ಹೆತ್ತವರ ಲಿಖಿತ ಒಪ್ಪಿಗೆ, ಮಕ್ಕಳ ಸ್ವಂತ ಒಪ್ಪಿಗೆ ಎರಡೂ ಬೇಕು. ಫೈಲಿನ ಹೆಸರಿನಲ್ಲಿ ದಿನಾಂಕ ಮೊದಲು, ಆಮೇಲೆ ಕ್ರೀಡಾಪಟುವಿನ ಹೆಸರಿನ ಬದಲು ಸಂಕೇತ ಸಂಖ್ಯೆ, ಆಮೇಲೆ ಪ್ರಯತ್ನದ ಸಂಖ್ಯೆ ಇರಲಿ. ಡಿಸ್ಕನ್ನು ಗೂಢಲಿಪೀಕರಿಸಿ, ಅಂದರೆ ಗುಪ್ತಪದವಿಲ್ಲದೆ ಓದಲಾಗದಂತೆ ಮಾಡಿ, ಇಡಬೇಕು, ಮತ್ತು ಎಷ್ಟು ಕಾಲದ ಮೇಲೆ ಅಳಿಸುತ್ತೇವೆಂದು ಮೊದಲೇ ತಿಳಿಸಿ ಹಾಗೆಯೇ ಅಳಿಸಬೇಕು. ಬೀಳುತ್ತಿರುವ, ಸೋಲುತ್ತಿರುವ, ಅಳುತ್ತಿರುವ ಮಗುವಿನ ಚಿತ್ರ ಆ ಮಗುವಿಗೆ ಸೇರಿದ್ದು.

ಕೊನೆಯದಾಗಿ, ನಿಮ್ಮ ವ್ಯವಸ್ಥೆಯನ್ನು ಯಾವ ಕ್ರೀಡಾಪಟುವಿನ ಮೇಲೂ ಪ್ರಯೋಗಿಸುವ ಮೊದಲು ಮಾಡಬೇಕಾದ ಒಂದು ಪರೀಕ್ಷೆ. ಗೋಡೆಗೆ ಮೀಟರ್ ಕೋಲನ್ನು ನೆಟ್ಟಗೆ ಒರಗಿಸಿ, ಅದರ ಪಕ್ಕದಲ್ಲೇ ಒಂದು ಗಟ್ಟಿ ಚೆಂಡನ್ನು ಸರಿಯಾಗಿ ಒಂದು ಮೀಟರ್ ಎತ್ತರದಿಂದ ಬಿಡಿ, ಅಭ್ಯಾಸದ ದಿನ ಬಳಸುವ ಅದೇ ಕ್ಯಾಮೆರಾ, ಅದೇ ತಂತಿ, ಅದೇ ಸೆಟ್ಟಿಂಗುಗಳಲ್ಲಿ ದಾಖಲಿಸಿ. ಭೂಮಿಯ ಗುರುತ್ವದಲ್ಲಿ ಆ ಚೆಂಡು ನೆಲ ಮುಟ್ಟಲು 0.45 ಸೆಕೆಂಡು ತೆಗೆದುಕೊಳ್ಳುತ್ತದೆ. ಕೈ ಬಿಟ್ಟ ಫ್ರೇಮಿನಿಂದ ನೆಲ ಮುಟ್ಟಿದ ಫ್ರೇಮಿನ ತನಕ ಎಣಿಸಿದರೆ 60 ಫ್ರೇಮಿನ ಚಿತ್ರದಲ್ಲಿ 27, 240 ಫ್ರೇಮಿನದರಲ್ಲಿ 108 ಬರಬೇಕು. ಒಂದೆರಡು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. 60ರಲ್ಲಿ ಹದಿಮೂರೋ ಹದಿನಾಲ್ಕೋ ಬಂದರೆ ಮಂದ ಬೆಳಕಿನಲ್ಲಿ ಕ್ಯಾಮೆರಾ ಫ್ರೇಮುಗಳನ್ನು ಅರ್ಧಕ್ಕಿಳಿಸಿದೆ. ಎಣಿಕೆ ಒಂದು ಬಾರಿ 27, ಇನ್ನೊಂದು ಬಾರಿ 22 ಎಂದು ಹೊಯ್ದಾಡಿದರೆ ಕಂಪ್ಯೂಟರ್ ಫ್ರೇಮುಗಳನ್ನು ಬಿಡುತ್ತಿದೆ. ಎಣಿಕೆ 108 ಇದ್ದೂ ತಂತ್ರಾಂಶ 3.6 ಸೆಕೆಂಡೆಂದು ಹೇಳಿದರೆ ದಾಖಲಾತಿಯ ವೇಗವನ್ನು ಅದಕ್ಕೆ ತಿಳಿಸಿಲ್ಲ. ನೆಲಕ್ಕೆ ಹತ್ತಿರವಾದ ಚೆಂಡು ಗುಂಡಗೆ ಕಾಣದೆ ಉದ್ದಕ್ಕೆ ಎಳೆದಂತಿದ್ದರೆ ಶಟರ್ ನಿಧಾನವಾಗಿದೆ. ಐದು ಬಾರಿ ಬಿಟ್ಟು, ಐದು ಬಾರಿಯೂ ಎಣಿಕೆ ಸರಿಬಂದ ಮೇಲೆ ಕ್ರೀಡಾಪಟುವನ್ನು ಕರೆಯಿರಿ.